ಉಡಿಗೆ ಬಿದ್ದ ಜೋಳ

“ದೀಪಾ ಇಳಿಸಿದ್ರೇನು, ಅಯ್ನೋರ?”

ಹಾಸಿಗೆಯ ಸುರುಳಿಗೆ ಹಗ್ಗ ಬಿಗಿಯುತ್ತಿದ್ದ ಗುರುಪಾದಯ್ಯ ಕೈ ನಿಲ್ಲಿಸಿದ.

ಟಿಕೋಟಾದಲ್ಲಿ ಅವನ ಅಕ್ಕನ ಮನೆಯ ಕಟ್ಟೆಯ ಮೇಲೆ ಎರಡು ಟ್ರಂಕು, ಹಿಟ್ಟಿನ ಡಬ್ಬಿ, ಹೊಸದಾಗಿ ಕೊಂಡ ಬತ್ತಿ ಸ್ಟೋವು ಸಾಲಾಗಿ ಕೂತಿದ್ದವು. ಮಧ್ಯಾಹ್ನ ಲಾರಿ ಬಂದರೆ ಇವನ್ನೆಲ್ಲ ಹೇರಿ, ಹೆಂಡತಿ ಗುರುಬಾಯಿಯನ್ನು ಕರೆದುಕೊಂಡು ವಿಜಾಪುರಕ್ಕೆ ಹೊರಡಬೇಕು. ಅಥಣಿ ರಸ್ತೆಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಾಗಿತ್ತು. ಐದು ವರ್ಷಗಳ ಮೇಲೆ ಗಂಡ ಹೆಂಡತಿ ತಮ್ಮದೇ ಒಲೆ ಹೂಡುವ ದಿನ ಇದು. ಅಂಥ ದಿನವನ್ನೇ ನೋಡಿ ಯಾಕೂಬ ಫೌಜದಾರ ಜೀಪಿನಿಂದ ಇಳಿದಿದ್ದ.

“ಯಾವ ದೀಪಾರಿ?”

“ಹಗೇವಕ್ಕ. ಆಳು ಇಳಿಯೂಕಿಂತ ಮೊದಲ ಹಗ್ಗಕ್ಕ ಕಂದೀಲಾ ಕಟ್ಟಿ ಒಳಗ ಬಿಡ್ತಾರಲ್ಲ, ಆ ದೀಪಾ.”

ಯಾಕೂಬ ಫೌಜದಾರ ಕುರ್ಚಿ ಕೊಟ್ಟರೆ ಕೂಡುವವನಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಹಲ್ಲಿನ ನಡುವೆ ಒಂದು ಲವಂಗ ಕಚ್ಚಿ, ನೆಂಟರ ಕ್ಷೇಮ ವಿಚಾರಿಸುವವನ ಹಾಗೆ ಕೇಳುತ್ತಾನೆ. ವಿಜಾಪುರದ ಕಳ್ಳರು ಬೇರೆ ಪೊಲೀಸರ ಬೈಗುಳಕ್ಕಿಂತ ಇವನ ಮೆತ್ತಗಿನ ದನಿಗೇ ಹೆಚ್ಚು ಹೆದರುತ್ತಿದ್ದರು.

ಹೋದ ವಾರ ಬಬಲೇಶ್ವರದ ನಂದಿಧ್ವಜ ಧಾನ್ಯ ಸೊಸೈಟಿಯವರು ಹೊಸ ಕಟ್ಟಡಕ್ಕೆ ಬುನಾದಿ ಅಗೆಸುವಾಗ, ಹಳೆಯ ಹಗೇವಿನ ತಳದಲ್ಲಿ ಒಬ್ಬ ಮನುಷ್ಯನ ಎಲುಬುಗಳು ಸಿಕ್ಕಿದ್ದವು. ಆ ಹಗೇವಿನ ಜೋಳವನ್ನು ಮಾಯ ಮಾಡಿದ್ದು ತಾನೇ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡು, ನಂಬಿಕೆ ದ್ರೋಹಕ್ಕೆ ಮೂರು ವರ್ಷ ಜೈಲು ಕಂಡು ಬಂದವನು ಆಗಿನ ಸೆಕ್ರೆಟರಿ ಗುರುಪಾದಯ್ಯ.

ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿದರೆ ಅದು ಹಗೇವು. ವರ್ಷಗಟ್ಟಲೆ ಜೋಳ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮುಂಜಾನೆ ಕಲ್ಲು ಸರಿಸಿ, ದಿನವೆಲ್ಲ ತೆರೆದು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ಇಲ್ಲಿಯ ರೂಢಿ. ಈ ಸೀಮೆಯಲ್ಲಿ ಇದನ್ನು ಯಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

“ಇಳಿಸಿದ್ದೆ,” ಎಂದ ಗುರುಪಾದಯ್ಯ.

“ಆರಲಿಲ್ಲ?”

“ಇಲ್ರಿ.”

“ಕಲ್ಲು ಯಾವಾಗ ತಗಿಸಿದ್ರಿ?”

“ಮುಂಜಾನೇರಿ. ಸಂಜಿ ಮಟಾ ಗಾಳಿ ಆಡಾಕ ಬಿಟ್ಟಿದ್ದೆ. ಎಲ್ಲಾರೂ ಹಂಗ ಮಾಡ್ತಾರಲ್ರಿ.”

ಫೌಜದಾರ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

“ಹಂಗ ಮಾಡಿದ್ರ ಆ ಮನಷ್ಯಾ ಸಾಯತಿದ್ದಿಲ್ರಿ, ಅಯ್ನೋರ.”

ಗುರುಪಾದಯ್ಯ ಹಗ್ಗದ ತುದಿಗೆ ಮತ್ತೆ ಕೈ ಹಾಕಿದ.

“ಅರಕೇರಿ ಬುಡ್ಡೇಸಾಬ ಅಂತ, ಹಮಾಲ. ಅಂವನ ಹೇಣ್ತಿ ರಾಜಬಿ ಬೆಳ್ಳಿ ತಾಯತಾ ನೋಡಿ ಗುರುತು ಹಿಡದಾಳ. ಇಷ್ಟು ವರ್ಷ ಆಕಿ, ಗಂಡ ಮುಂಬೈಕ ಓಡಿ ಹೋಗ್ಯಾನ, ಅಲ್ಲಿ ಇನ್ನೊಬ್ಬಾಕಿನ್ನ ಇಟ್ಕೊಂಡಾನ ಅಂತ ಬೈಕೋತ ಕುಂತಿದ್ಲು. ನಿನ್ನೆ ತಾಯತಾ ಕೈಯಾಗ ಹಿಡಕೊಂಡು, ಸತ್ತಾವನ್ನ ಬೈದ್ನೆಲ್ಲಾ ಅಂತ ಎದಿ ಬಡಕೊಂಡ್ಲು ನೋಡ್ರಿ. ನನಗ ನಿಂದ್ರಾಕ ಆಗಲಿಲ್ಲ.”

ಅವನು ಚೌಕಟ್ಟಿಗೆ ಇನ್ನೊಂದು ಭುಜ ಕೊಟ್ಟು ಮುಂದುವರಿಸಿದ.

“ಗಂಡ ಮನಿ ಬಿಟ್ಟ ದಿನ ಆಕಿಗೆ ಪಕ್ಕಾ ನೆನಪೈತಿ. ಮೊಹರಮ್ಮಿನ ಕತ್ತಲ ರಾತ್ರಿ, ದೇವರು ಹೊಳಿಗೆ ಹೋಗೂ ಹಿಂದಿನ ರಾತ್ರಿ. ಬಬಲೇಶ್ವರದಾಗ ಸಣ್ಣಾವ್ರು ದೊಡ್ಡಾವ್ರು ಎಲ್ಲಾರೂ ಅಲಾವಿ ಬೆಂಕಿ ಮುಂದ. ಸೊಸೈಟಿ ಕಡೆ ಒಂದು ನರಪಿಳ್ಳಿ ಇಲ್ಲ. ಅಂಥಾ ಹೊತ್ತು ನೋಡಿ ಹಗೇವ ಒಡದಾರ. ಗಾಳಿ ಆಡಲಿ ಅಂತ ಕಾಯಾಕ ಅವ್ರಿಗೆ ಎಲ್ಲಿ ಪುರುಸೊತ್ತು? ಮೊದಲ ಇಳಿದಾಂವ ಬುಡ್ಡೇಸಾಬ. ಅಂವಾ ಬಿದ್ದ ಮ್ಯಾಲೆ ಉಳಿದಾವ್ರು ಕಾದಾರ, ಅಂವನ ಮೈ ಅಲ್ಲೇ ಬಿಟ್ಟು ಜ್ವಾಳಾ ಹೊತ್ತಾರ. ಮ್ಯಾಲೆ ಹೊಟ್ಟು ಮಣ್ಣು ತುಂಬ್ಯಾರ. ನಮ್ಮ ಪಂಚನಾಮೆದವ್ರು ಮ್ಯಾಲಿನ ಹೊಟ್ಟು ನೋಡಿ, ಜ್ವಾಳಾ ಇಲ್ಲಂತ ಬರದು, ಚಹಾ ಕುಡದು ಹೋಗ್ಯಾರ.”

ಗುರುಪಾದಯ್ಯ ಹಗ್ಗದ ಗಂಟು ಇನ್ನಷ್ಟು ಬಿಗಿದ.

“ನೀವು ಮುಂಜಾನಿಂದ ಬಾಯಿ ತೆರದು ಬಿಟ್ಟಿದ್ರ ಊರ ಮಂದಿ ಕಣ್ಣಿಗೆ ಬೀಳತಿದ್ದಿಲ್ಲೇನ್ರಿ? ನೀವು ಆ ಹಗೇವ ತಗದಿಲ್ಲ. ತಗದಾಗ ಹಂತ್ಯಾಕ ನಿಂತೂ ಇಲ್ಲ.”

“ಶಿಕ್ಷಾ ಆಗೇತಿ, ಸಾಹೇಬ್ರ. ಉಂಡೇನಿ. ಈಗ್ಯಾಕ ಕೆದರ್ತೀರಿ?”

“ಅದು ಜ್ವಾಳದ ಶಿಕ್ಷಾ. ಇದು ಮನಷ್ಯಾಂದು. ನಿಮ್ಮ ಹಳೇ ಕಬೂಲಿ ಹಂಗ ಉಳೀತಂದ್ರ ಈ ಹೆಣಾನೂ ನಿಮ್ಮ ಕೊರಳಿಗೇ ಬೀಳತೈತಿ. ನಾ ತಪ್ಪಸಾಕ ಆಗೂದಿಲ್ಲ.”

ಜೈಲಿನಿಂದ ಬಂದ ಮೇಲೆ ಗುರುಪಾದಯ್ಯನನ್ನು ‘ಅಯ್ನೋರ’ ಎಂದು ಕರೆಯುವವರು ಇಬ್ಬರೇ ಉಳಿದಿದ್ದರು. ಒಬ್ಬ ಈ ಫೌಜದಾರ. ಇನ್ನೊಬ್ಬ ಸೊಲ್ಲಾಪುರ ರಸ್ತೆಯ ಲಾರಿ ಆಫೀಸಿನ ಧಣಿ ಬಸಗೊಂಡಪ್ಪ. ಒಂದು ಕಾಲಕ್ಕೆ ಬಬಲೇಶ್ವರದಲ್ಲಿ ಹೊಸ ಮನೆ ಹೊಕ್ಕರೂ, ತೊಟ್ಟಿಲು ಕಟ್ಟಿದರೂ ಈ ಜಂಗಮನ ಪಾದ ತೊಳೆಯದೆ ಎಡೆ ಏಳುತ್ತಿರಲಿಲ್ಲ. ಬಿಡುಗಡೆಯಾದ ಹೊಸತರಲ್ಲಿ ಹಳೆಯ ಒಕ್ಕಲೊಬ್ಬರ ಮನೆಗೆ ಹೋಗಿದ್ದ. ಕುಡಿಯಲು ನೀರು ತಂದರು, ಪಾದಕ್ಕೆ ಹಾಕಲು ತರಲಿಲ್ಲ. ಅಷ್ಟೇ ಸಾಕಾಯಿತು ಅವನಿಗೆ, ಮತ್ತೆ ಯಾರ ಹೊಸ್ತಿಲನ್ನೂ ತುಳಿಯಲಿಲ್ಲ.

ಕೆಲಸ ಕೇಳಿಕೊಂಡು ಅಡತಿ ಅಂಗಡಿ, ಹತ್ತಿ ಗಿರಣಿ, ಛಾಪಖಾನೆ ಎಲ್ಲ ಅಲೆದ. ಅವನ ಅಕ್ಷರ ನೋಡಿ ಮೆಚ್ಚಿದವರು ಹೆಸರು ಕೇಳಿದ ಮೇಲೆ ಮುಂದಿನ ತಿಂಗಳು ನೋಡೋಣ ಎಂದರು. ಎಷ್ಟು ತಿಂಗಳು ಬಂದು ಹೋದರೂ ಆ ಮುಂದಿನ ತಿಂಗಳು ಬರಲಿಲ್ಲ. ಬಸಗೊಂಡಪ್ಪ ಒಬ್ಬನೇ ಏನೂ ಕೇಳದೆ ಆಫೀಸಿನ ಕೀಲಿಗೊಂಚಲು ತೆಗೆದು ಕೈಯಲ್ಲಿಟ್ಟ. ಮುಂಜಾನೆ ಬಾಗಿಲು ತೆರೆಯಿರಿ, ಸಂಜೆ ಹಾಕಿರಿ ಎಂದ. ಕಳ್ಳ ಎಂದು ಕೋರ್ಟಿನ ಮುದ್ರೆ ಬಿದ್ದವನ ಕೈಗೆ ಕೀಲಿ! ಜೈಲಿನಲ್ಲಿ ಒಮ್ಮೆಯೂ ಅಳದ ಗುರುಪಾದಯ್ಯ ಅವತ್ತು ನಡು ರಸ್ತೆಯಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತಿದ್ದ.

ಈಗ ಅದೆಲ್ಲ ಹೋಗುತ್ತದೆ. ಕೀಲಿ, ಖೋಲಿ, ಹೊಸ ಸ್ಟೋವು, ಒಳಗೆ ಒಲೆಯ ಮುಂದೆ ಕೊನೆಯ ರೊಟ್ಟಿ ಬಡಿಯುತ್ತಿರುವ ಹೆಂಡತಿ, ಎಲ್ಲ. ಅವನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲು ಮನಸ್ಸು ಒಪ್ಪಲಿಲ್ಲ.

“ನಾನ ತಗದೀನ್ರಿ,” ಎಂದ.

“ಯಾರನ್ನ ಕಾಯಾಕತ್ತೀರಿ?”

ಗುರುಪಾದಯ್ಯನ ಕಣ್ಣು ಅವನ ಮಾತು ಕೇಳದೆ ಬಾಗಿಲ ಒಳಗೆ ಹೋಯಿತು. ಪಡಸಾಲೆಯಲ್ಲಿ ಅವನ ಅಕ್ಕ, ಅಕ್ಕನಾಗಮ್ಮ, ಮೊರದಲ್ಲಿ ಬೇಳೆ ಆರಿಸುತ್ತ ಕುಳಿತಿದ್ದಳು. ಬೇಳೆಯ ಮೇಲೆ ಅವಳ ಕೈ ಆಡುತ್ತಿರಲಿಲ್ಲ.

ಅವಳು ಎದ್ದು ಬಂದಳು. ವಯಸ್ಸಿಗಿಂತ ಹೆಚ್ಚು ಬಾಗಿದ ಹೆಂಗಸು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ಈರಯ್ಯ ಅದೇ ಸೊಸೈಟಿಯಲ್ಲಿ ತೂಕದ ಕೆಲಸದಲ್ಲಿದ್ದ. ತಮ್ಮ ಜೈಲಿನಲ್ಲಿದ್ದಾಗಲೇ ಅವನು ತೀರಿಕೊಂಡ. ಮಣ್ಣಿಗೆ ಬರಲು ತಮ್ಮನಿಗೆ ಆಗಲಿಲ್ಲ.

“ಫೌಜದಾರ ಸಾಹೇಬ್ರ, ನೀವು ಈಗ ಏನಂದ್ರಿ? ನಮ್ಮ ತಮ್ಮ ಕದ್ದಿಲ್ಲ ಅಂದ್ರಿ?”

“ಕದ್ದಿಲ್ರಿ, ಅಕ್ಕಾರ.”

ಅಕ್ಕನಾಗಮ್ಮನ ಮುಖ ಅರಳಿತು. ತಮ್ಮನ ಗಲ್ಲ ಸವರಲು ಕೈ ಮುಂದೆ ಬಂತು. ಆದರೆ ಏನೋ ನೆನಪಾಗಿ ಕೈ ಅರ್ಧಕ್ಕೇ ನಿಂತಿತು.

“ಹಂಗಾರ ನನ್ನ ಉಡಿಗೆ ಬಿದ್ದ ಜ್ವಾಳಾ ಎಲ್ಲಿದು?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಯಾವ ಉಡಿ, ಅಕ್ಕಾ?” ಗುರುಪಾದಯ್ಯ ಮೆಲ್ಲಗೆ ಕೇಳಿದ.

“ಆ ಬರಗಾಲದ ವರ್ಷ. ಊರ ಮಂದಿ ರೇಷನ್ನಿನ ಕೆಂಪ ಜ್ವಾಳಾ ತಿಂದು ಹೊಟ್ಟಿ ಹಿಡಕೊಂಡು ಅಡ್ಡಾಡಾಕತ್ತಿತ್ತು. ಮೊಹರಂ ಆದ ಮ್ಯಾಲೆ ನಾ ನಿಮ್ಮ ಮನಿಗೆ ಬಂದಿದ್ದೆ. ನೀ ಸೊಸೈಟಿ ಕೆಲಸದ ಮ್ಯಾಲೆ ಊರೂರು ಫಿರತಿಗೆ ಹೋಗಿದ್ದಿ. ಹೊರಡೂ ಮುಂದ ನಿನ್ನ ಹೇಣ್ತಿ ನನ್ನ ಉಡಿ ತುಂಬಿದ್ಲು. ಬಿಳೀ ಜ್ವಾಳಾ. ಹಗೇವಿನ ಕಮಟ ವಾಸನಿ ಇತ್ತು, ಆದ್ರೂ ಬಿಳೀ ಜ್ವಾಳಾ! ಉಡ್ಯಾಗ ಹಿಡಿಸಲಾರದಷ್ಟು ಗಂಟ ಕಟ್ಟಿ ಕೊಟ್ಲು. ಬಸ್ಸಿನ್ಯಾಗ ಕುಂತು ವಾಸನಿ ನೋಡಿದೆ. ತಿಳೀತು.”

“ಏನ್ ತಿಳೀತು?”

“ಆ ವರ್ಷ ಹಗೇವಿನ ಜ್ವಾಳಾ ಯಾರ ಮನ್ಯಾಗ ಇತ್ತೋ ತಮ್ಮಾ, ಸೊಸೈಟಿ ಬಿಟ್ಟು?” ಅವಳು ಖಾಲಿ ಉಡಿಯನ್ನು ಹಿಡಿದು ತೋರಿಸಿದಳು. “ಅಕ್ಕ ಹಸದಾಳಂತ ತಮ್ಮ ಕೈ ಹಾಕ್ಯಾನ ಅಂದ್ಕೊಂಡೆ. ನನ್ನ ಸಲುವಾಗಿ ನೀ ಕಳ್ಳ ಆದಿ ಅಂದ್ಕೊಂಡೆ. ನೀ ಜೈಲಿಗೆ ಹೋದಾಗಿಂದ ನಾ ಒಂದ ತುತ್ತೂ ರುಚಿಯಿಂದ ಉಂಡಿಲ್ಲ.”

ಗುರುಪಾದಯ್ಯ ಟ್ರಂಕಿನ ಮೇಲೆ ಕುಳಿತ.

ಅವನಿಗೆ ಆ ರೊಟ್ಟಿ ನೆನಪಿತ್ತು. ಮರೆಯುವುದು ಹೇಗೆ? ಫಿರತಿ ಮುಗಿಸಿ ಬರುವಾಗ ಇದೇ ಮನೆಗೆ ಬಂದಿದ್ದ. ಅಕ್ಕ ಬೆಳ್ಳಗಿನ ರೊಟ್ಟಿ ಬಡಿದು ತಾಟಿಗೆ ಹಾಕಿದಳು. ಮೊದಲ ತುತ್ತಿಗೇ ಮೂಗಿಗೆ ಹಗೇವಿನ ವಾಸನೆ ಬಡಿಯಿತು. ಎದುರಿಗೆ ಸೊಸೈಟಿಯ ತೂಕದವನು, ಮಾಮಾ ಈರಯ್ಯ, ತಲೆ ತಗ್ಗಿಸಿ ಉಣ್ಣುತ್ತಿದ್ದ. ಗುರುಪಾದಯ್ಯ ಏನೂ ಕೇಳಲಿಲ್ಲ. ಅಕ್ಕ ಬಡಿಸಿದ್ದನ್ನು ಎಲ್ಲಿಂದ ಬಂತು ಎಂದು ಕೇಳುವ ನಾಲಿಗೆ ಯಾವ ತಮ್ಮನಿಗಿದೆ? ಪೂರ್ತಿ ಉಂಡು, ಕೈ ತೊಳೆದು ಬಂದ. ಕೆಲವೇ ದಿನಗಳಲ್ಲಿ ತಪಾಸಣೆಯವರು ಹಗೇವು ತೆಗೆಸಿದರು, ಜೋಳ ಇರಲಿಲ್ಲ. ಮಾಮಾನ ಹೆಸರು ಯಾರ ಬಾಯಿಗಾದರೂ ಬರುವ ಮೊದಲೇ ಇವನು ತನ್ನ ಹೆಸರು ಹೇಳಿಬಿಟ್ಟ.

“ನಾ ಮಾಮಾ ಅಂದ್ಕೊಂಡಿದ್ದೆ ಅಕ್ಕಾ,” ಎಂದ.

“ನನ್ನ ಗಂಡ ಕಳ್ಳ ಅಂದ್ಕೊಂಡ್ಯಾ?”

“ನೀ ನನ್ನ ಕಳ್ಳ ಅಂದ್ಕೊಂಡೆಲ್ಲ, ಹಂಗ.”

ಅಕ್ಕನಾಗಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡಳು. ಸತ್ತ ಗಂಡ ಒಂದು ಕಡೆ, ಬದುಕಿದ ತಮ್ಮ ಒಂದು ಕಡೆ. ಯಾರಿಗಾಗಿ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಇಬ್ಬರಿಗಾಗಿಯೂ ಅತ್ತಳು.

ಯಾಕೂಬನಿಗೂ ಲವಂಗ ಕಹಿಯೆನಿಸಿತು. ಉಗುಳಿದ.

“ಒಬ್ಬರಿಗೊಬ್ರು ಒಂದ ಮಾತು ಕೇಳಬಾರದಾಗಿತ್ತೇನ್ರಿ, ಅಕ್ಕಾರ?”

“ಉಡಿ ತುಂಬಿದ್ದು ಎಲ್ಲಿಂದ ತಂದ್ರಿ ಅಂತ ಯಾರ ಕೇಳ್ತಾರ, ಸಾಹೇಬ್ರ? ಉಡಿ ಒಡ್ಡೂದಷ್ಟ ನಮಗ ಗೊತ್ತು.”

ಈಗ ಎಲ್ಲರ ಕಣ್ಣೂ ಒಳಬಾಗಿಲ ಕಡೆ ತಿರುಗಿದವು. ಗುರುಬಾಯಿ ಅಲ್ಲಿ ನಿಂತಿದ್ದಳು. ಕೈ ತುಂಬ ಹಿಟ್ಟು. ಗಂಡ ಜೈಲಿಗೆ ಹೋದ ಮೇಲೆ ಅವಳು ಈ ಮನೆಯಲ್ಲೇ ಇದ್ದಳು. ಮಂದಿಯ ಮಾತು ಕೇಳಿ ಕೇಳಿ ಮಾತು ಕಮ್ಮಿ ಮಾಡಿಕೊಂಡಿದ್ದಳು. ಹೋದ ವಾರ ಖೋಲಿ ಸಿಕ್ಕ ಸುದ್ದಿ ಕೇಳಿದಾಗ ಮಾತ್ರ, ಕಿಟಕಿ ಯಾವ ದಿಕ್ಕಿಗಿದೆ ಎಂದು ಹತ್ತು ಸಲ ಕೇಳಿದ್ದಳು.

“ಬಾಯಾರ,” ಎಂದ ಫೌಜದಾರ, “ಆ ಜ್ವಾಳಾ ನಿಮಗ ಎಲ್ಲಿಂದ ಬಂತು?”

ಗುರುಬಾಯಿ ಗಂಡನನ್ನೇ ನೋಡಿದಳು.

“ಎಲ್ಲಾ ಗೊತ್ತಿದ್ದೂ ನನ್ನ ಯಾಕ ಕೇಳಸ್ತೀರಿ? ನೀವ ಕಳಿಸಿದ್ರೆಲ್ಲ?”

“ನಾ?”

“ಮೊಹರಂ ಆದ ಮರುದಿನಾ. ‘ಅಯ್ನೋರು ಕಳಸ್ಯಾರ, ಒಳಗ ಇಟ್ಕೊಳ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಅವರ ಮುಂದೂ ತಗೀಬ್ಯಾಡ್ರಿ’ ಅಂತ ಅರ್ಧ ಚೀಲಾ ಇಳಿಸಿದ್ರು. ಬಿಚ್ಚಿ ನೋಡಿದೆ. ಹಗೇವಿನ ವಾಸನಿ ಬಡೀತು. ನಮ್ಮದು ಲಿಂಗಕ್ಕ ಎಡಿ ಹಿಡಿಯೂ ಮನಿ. ಕಳುವಿನ ಕಾಳು ಹೆಂಗ ಹಿಡೀಲಿ? ಬರಗಾಲದಾಗ ಕಾಳು ಹೊರಗ ಹೆಂಗ ಚೆಲ್ಲಲಿ? ಅಷ್ಟರಾಗ ಅಕ್ಕಾರು ಬಂದ್ರು. ಉಡ್ಯಾಗ ಹಾಕಿದ್ರ ಪಾಪಾ ಹತ್ತೂದಿಲ್ಲಂತ ನಮ್ಮವ್ವ ಹೇಳತಿದ್ಲು. ಅವರ ಉಡಿಗೆ ಹಿಡಿಸಿದಷ್ಟು ಹಾಕಿ, ಉಳಿದದ್ದು ಗಂಟ ಕಟ್ಟಿ ಕೊಟ್ಟು ಕೈ ತೊಳಕೊಂಡೆ.”

“ನನ್ನ ಯಾಕ ಕೇಳಲಿಲ್ಲ, ಗುರೂ?”

“ಕೇಳಬೇಕಂತ ಬಾಯಿ ತಗದಾಗೊಮ್ಮೆ ನೀವು ತಲಿ ತಗ್ಗಸ್ತಿದ್ರಿ. ಅಂಜ್ಯಾರ ಅಂದ್ಕೊಂಡೆ. ಆಮ್ಯಾಲೆ ನೀವ ಕೋರ್ಟಿನ್ಯಾಗ ಒಪ್ಕೊಂಡ್ರಿ. ಇನ್ನೇನು ಕೇಳ್ಲಿ?”

ಗುರುಪಾದಯ್ಯ ತಲೆ ತಗ್ಗಿಸಿದ್ದು ಅಕ್ಕನ ಮನೆಯ ರೊಟ್ಟಿಯನ್ನು ನೆನೆದು. ಹೆಂಡತಿ ಅದನ್ನು ಕಳ್ಳನ ನಾಚಿಕೆ ಎಂದು ಓದಿಕೊಂಡಿದ್ದಳು. ಊರು ಕಳ್ಳನೆಂದಿತು, ಕೋರ್ಟು ಕಳ್ಳನೆಂದಿತು, ಅದನ್ನು ಅವನು ತಡೆದುಕೊಂಡ. ಮನೆಯೊಳಗೆ ಇಬ್ಬರಾದರೂ ತನ್ನನ್ನು ಒಳ್ಳೆಯವನೆಂದು ತಿಳಿದಿದ್ದಾರೆ ಎಂಬ ನಂಬಿಕೆಯ ಮೇಲೆ ಜೈಲಿನ ದಿನಗಳನ್ನು ನೂಕಿದ್ದ. ಆ ಇಬ್ಬರೂ ಈಗ ಎದುರಿಗೇ ನಿಂತು ಇಲ್ಲವೆನ್ನುತ್ತಿದ್ದರು. ಅವನ ಎದೆ ಒಡೆದದ್ದು ಆಗ.

“ಚೀಲಾ ತಂದಾವ್ರು ಯಾರ್ರಿ, ಬಾಯಾರ?” ಫೌಜದಾರ ಕೇಳಿದ.

“ಇವರಿಗೇ ಗೊತ್ತಲ್ರಿ. ದಿನಾ ಅವರ ಆಫೀಸಿನ ಬಾಗಿಲಾ ತಗೀತಾರಲ್ಲ.”

“ಬಸಗೊಂಡಪ್ಪ?”

“ಹೂಂ ರಿ. ಆವಾಗ ಬಬಲೇಶ್ವರದಾಗ ಅವರದೊಂದ ಲಾರಿ ಇತ್ತು. ಇಬ್ರೂ ಕೂಡೇ ಮಾಡ್ಯಾರ, ಇವರೊಬ್ರ ತಲೀ ಮ್ಯಾಲೆ ತಗೊಂಡಾರ, ಆ ಋಣಕ್ಕ ಅವ್ರು ಈಗ ಕೆಲಸಾ ಕೊಟ್ಟಾರ ಅಂತ ನಾ ತಿಳದಿದ್ದೆ.”

ಗುರುಪಾದಯ್ಯನ ಸೊಂಟದಲ್ಲಿ ಕೀಲಿಗೊಂಚಲು ಇತ್ತು. ಅವನ ಕೈ ತಾನಾಗಿಯೇ ಅದರ ಮೇಲೆ ಹೋಗಿ, ಮುಟ್ಟಲಾರದೆ ಹಿಂದೆ ಬಂತು.

ಯಾಕೂಬ ಗುರುಬಾಯಿಯ ಕಡೆ ತಿರುಗಿದ. “ಬಾಯಾರ, ಇದನ್ನ ಪಂಚರ ಮುಂದ ಬರಸಬೇಕಾಕ್ಕೈತಿ. ಬರಸಿದ್ರ ನಿಮ್ಮ ಯಜಮಾನ್ರು ಉಳೀತಾರ. ಆದ್ರ ಕಳುವಿನ ಮಾಲು ಅಂತ ಗೊತ್ತಿದ್ದು ಇಟ್ಕೊಂಡದ್ದೂ ಒಂದು ಗುನ್ನೇನ ಐತಿ. ನಿಮ್ಮನ್ನೂ ಕೋರ್ಟಿಗೆ ನಿಲ್ಲಸಬೇಕಾದೀತು. ಮೊದಲ ಹೇಳಿ ಬಿಡ್ತೀನಿ.”

“ಬ್ಯಾಡ,” ಗುರುಪಾದಯ್ಯ ಥಟ್ಟನೆ ಎದ್ದ. “ಆಕಿ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ಬರಕೊಳ್ರಿ ಸಾಹೇಬ್ರ, ಹಗೇವ ತಗಿಸಿದಾಂವ...”

“ಗಪ್ಪ ಕೂಡ್ರಿ!”

ಗುರುಬಾಯಿ ಗಂಡನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಕ್ಕನಾಗಮ್ಮ ಕೂಡ ಅಳು ನಿಲ್ಲಿಸಿ ನೋಡಿದಳು.

“ಒಮ್ಮೆ ಯಾರನ್ನೂ ಕೇಳದ ಒಳಗ ಹೋದ್ರಿ. ನಾ ಇಲ್ಲಿ ಹಗಲೆಲ್ಲಾ ಮಂದಿ ಮುಂದ ತಲಿ ತಗ್ಗಿಸಿ, ದಿನಾ ಹಾಸಿಗ್ಯಾಗ ನಿಮ್ಮನ್ನ ಬೈದೀನಿ. ಇನ್ನೊಮ್ಮೆ ಹೋಗಾಕ ಬಿಡೂದಿಲ್ಲ.” ಅವಳು ಫೌಜದಾರನ ಕಡೆ ತಿರುಗಿದಳು. “ಬರಕೊಳ್ರಿ ಸಾಹೇಬ್ರ. ಚೀಲಾ ಇಳಿಸ್ಕೊಂಡಿದ್ದು ಬರೀರಿ. ಅದಕ್ಕಿಂತ ಮೊದಲ, ಇವರ ಹೇಣ್ತಿನೂ ಇವರನ್ನ ಕಳ್ಳ ಅಂತ ನಂಬಿದ್ಲು ಅಂತ ಬರೀರಿ. ಅದ ನನ್ನ ದೊಡ್ಡ ಗುನ್ನೆ.”

ಗುರುಪಾದಯ್ಯ ಹೆಂಡತಿಯ ಹಿಟ್ಟಿನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಫೌಜದಾರ ಬೀದಿಯ ಕಡೆ ಮುಖ ಮಾಡಿ ನಿಂತ.

ಬೀದಿಯ ತಿರುವಿನಲ್ಲಿ ಲಾರಿಯ ಹಾರನ್ನು ಕೇಳಿಸಿತು.

ಸಾಮಾನು ಹೇರಲು ಡ್ರೈವರನನ್ನು ಕಳಿಸುತ್ತೇನೆ ಎಂದಿದ್ದ ಬಸಗೊಂಡಪ್ಪ ತಾನೇ ಬಂದಿದ್ದ. ಬಿಳಿ ಧೋತರ, ಹೆಗಲ ಮೇಲೆ ಮಡಿಸಿದ ಟವೆಲು, ಕೈಯಲ್ಲಿ ಹೊಸ ಮನೆಗೆಂದು ಒಂದು ಹಿತ್ತಾಳೆ ಕೊಡ. ಜೀಪು ಕಂಡು ಹೆಜ್ಜೆ ಒಂದು ಸಲ ತಡವರಿಸಿತು. ಆಮೇಲೆ ಮುಖದ ತುಂಬ ನಕ್ಕ.

“ಏನ್ ಅಯ್ನೋರ, ಹೇರೂಣಲ್ರಿ? ಸಾಹೇಬ್ರೂ ಬಂದಾರಲ್ಲ ಸಾಮಾನಾ ಎತ್ತಾಕ!”

ಯಾಕೂಬ ಸುಮ್ಮನಿರುವಂತೆ ಕಣ್ಣಿನಲ್ಲೇ ಹೇಳಿದ. ಗುರುಬಾಯಿ ಅದನ್ನು ನೋಡಲೇ ಇಲ್ಲ. ನೇರ ಕಟ್ಟೆ ಇಳಿದು ಹೋಗಿ ಅವನೆದುರು ನಿಂತಳು.

“ಆ ಅರ್ಧ ಚೀಲಾ ಜ್ವಾಳಾ ಇವ್ರು ಕಳಿಸಿದ್ದಿಲ್ಲಂತ. ನೀವು ಯಾಕ ಹಂಗ ಹೇಳಿದ್ರಿ, ಧಣೇರ?”

ಬಸಗೊಂಡಪ್ಪ ಕೊಡವನ್ನು ಮೆಲ್ಲಗೆ ಕೆಳಗಿಟ್ಟ. ನಗು ಹೋಗಿತ್ತು. ಓಡುತ್ತಾನೆಂದು ಯಾಕೂಬ ಕಾದ. ಅವನು ಓಡಲಿಲ್ಲ. ಕಟ್ಟೆಯ ಅಂಚಿಗೆ ಕುಳಿತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

“ಚೀಲಾ ತಂದಿದ್ದು ಖರೇ, ತಂಗೀ. ಸಾಹೇಬ್ರ ಮುಂದ ಸುಳ್ಳ ಹೇಳಿ ಏನ್ ಮಾಡ್ಲಿ? ಲಾರಿ ನಂದು. ಬಾಡಿಗಿ ಅಂದ್ರು, ಬಂದೆ. ಮಾಲು ತುಂಬಿದ್ರು, ಒಯ್ದೆ. ಹಗೇವಿನ ಬಾಯಿ ತಗಿಸಿ ನಿಂತಾಂವ ಬ್ಯಾರೆ. ಆ ಚೀಲಾ ನನ್ನ ಕಡೆ ಕೊಟ್ಟು, ‘ಸೆಕ್ರೆಟರಿ ಮನಿಗೆ ಮುಟ್ಟಸು, ಅಂವನ ಕಳಿಸ್ಯಾನ ಅನ್ನು’ ಅಂದಾಂವನೂ ಅಂವನ.”

“ಯಾರು?” ಯಾಕೂಬ ಕೇಳಿದ.

ಬಸಗೊಂಡಪ್ಪ ಹೊಸ್ತಿಲ ಮೇಲೆ ಕುಳಿತಿದ್ದ ಅಕ್ಕನಾಗಮ್ಮನನ್ನು ನೋಡಿ, ಕಣ್ಣು ತಗ್ಗಿಸಿದ.

“ಈರಯ್ಯ.”

ಅಕ್ಕನಾಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನಿಮಗ ಎಲ್ಲಾ ಗೊತ್ತೈತಂತ ತಿಳದಿದ್ದೆ, ಅಯ್ನೋರ,” ಎಂದ ಬಸಗೊಂಡಪ್ಪ. “ಅಕ್ಕನ ಕುಂಕುಮಾ ಉಳಿಸಾಕ ಒಳಗ ಹೋದ ಮನಷ್ಯಾ ಅಂತ ನಿಮ್ಮ ಮ್ಯಾಲೆ ನನಗ ಭಕ್ತಿ ಇತ್ತು. ಅದಕ್ಕ ಕೀಲಿ ಕೊಟ್ಟೆ.”

“ಸತ್ತಾವ್ರ ಮ್ಯಾಲೆ ಹಾಕೂದು ಭಾಳ ಹಗೂರ, ಧಣೇರ,” ಎಂದ ಯಾಕೂಬ.

“ಬೇಕಾದ್ರ ನಂಬ್ರಿ, ಬ್ಯಾಡಾದ್ರ ಬಿಡ್ರಿ. ಆ ಕತ್ತಲ ರಾತ್ರಿ ಹಗೇವಿನ ಬಾಯಿ ಮುಂದ ಕಂದೀಲಾ ಹಿಡದು ನಿಂತಾಂವ ಈರಯ್ಯನ.”

ಗುರುಪಾದಯ್ಯ ಅಕ್ಕನ ಕಡೆ ನೋಡಿದ. ಮತ್ತೆ ಅದೇ ಜಾಗಕ್ಕೆ ಬಂದು ನಿಂತಿದ್ದ. ಈಗಲೂ ಸುಮ್ಮನಿದ್ದು, ಬಸಗೊಂಡಪ್ಪ ಸುಳ್ಳ ಎಂದುಬಿಟ್ಟರೆ ಅಕ್ಕನ ಮನೆ ಉಳಿಯುತ್ತದೆ. ಹಾಗೆ ಸುಮ್ಮನಿದ್ದು ಏನಾಯಿತೆಂದು ಈ ಕಟ್ಟೆಯ ಮೇಲೆ ಈಗಷ್ಟೇ ನೋಡಿದ್ದ.

ಈರಯ್ಯ ಜಂಗಮನಾದರೂ ಟಿಕೋಟಾದ ಮೊಹರಮ್ಮಿನಲ್ಲಿ ಹೆಜ್ಜೆ ಮೇಳ ಕಟ್ಟುವವನು. ಕತ್ತಲ ರಾತ್ರಿ ಅಲಾವಿಯ ಸುತ್ತ ಮೊದಲ ಹೆಜ್ಜೆ ಅವನದೇ. ಎಲ್ಲಿದ್ದರೂ ಅವತ್ತಿಗೆ ಊರಿಗೆ ಬರುತ್ತಿದ್ದ. ಆ ರಾತ್ರಿ ಅವನು ಇಲ್ಲಿ ಹೆಜ್ಜೆ ಹಾಕಿದ್ದರೆ ಬಸಗೊಂಡಪ್ಪ ಹೇಳುವುದು ಹಸಿ ಸುಳ್ಳು, ಊರಿಗೆ ಊರೇ ಸಾಕ್ಷಿ.

ಗುರುಪಾದಯ್ಯ ಅಕ್ಕನ ಎದುರಿಗೆ ಮೊಣಕಾಲೂರಿ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡ. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡಿದವನಲ್ಲ.

“ಅಕ್ಕಾ, ಆ ವರ್ಷ ಕತ್ತಲ ರಾತ್ರಿ ಮಾಮಾ ಇಲ್ಲಿ ಹೆಜ್ಜಿ ಹಾಕಿದ್ನೇನ?”

ಅಕ್ಕನಾಗಮ್ಮ ತಮ್ಮನ ಮುಖವನ್ನು ನೋಡಿದಳು. ಹೂಂ ಎಂದುಬಿಡು ಎಂದು ಅವನ ಕಣ್ಣೇ ಬೇಡಿಕೊಳ್ಳುತ್ತಿತ್ತು.

“ಆ ವರ್ಷ ಅವ್ರು ಊರಿಗೇ ಬಂದಿದ್ದಿಲ್ಲೋ, ಯಪ್ಪಾ.”